ತೇಲಿದರೆ ಪಾಸು

ಹೆದರಿದವರ ಮೇಲೆ ಹಾವು ಎಸೆದರಂತೆ. ನನ್ನ ನೌಕರಿಯಲ್ಲಿ ಇದು ದಿನವೂ ನಡೆಯುತ್ತದೆ. ಬೇಲೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾವು ಗಾಜಿನ ಗುಳ್ಳೆ ಮಾಡುತ್ತೇವೆ. ಕಣ್ಣಿಗೆ ಬರೀ ಬಿಳಿ ಹಿಟ್ಟು, ಆದರೆ ಒಂದೊಂದು ಕಣವೂ ಒಳಗೆ ಟೊಳ್ಳಾದ ಗಾಜಿನ ಗುಂಡು. ಭಟ್ಟಿಯ ಶಾಖಕ್ಕೂ ಅದು ಒಡೆಯಬಾರದು, ಕರಗಬಾರದು. ನಮ್ಮ ಹೆದರಿಕೆಯೆಲ್ಲ ಅಲ್ಲೇ ಇದೆ.

ಬಾಗಿಲು ತೆಗೆಯುವವರು ಯಾರು?

ಮೊದಲ ಸಲ ಹಿಟ್ಟು ಕಾಯಿಸಿದಾಗ, ಭಟ್ಟಿ ತಣ್ಣಗಾದ ಮೇಲೂ ಬಾಗಿಲು ತೆಗೆಯಲು ಯಾರೂ ಮುಂದಾಗಲಿಲ್ಲ. ಸಿಡಿದರೆ? ಮಾಲಕರು ನನ್ನನ್ನು ಕರೆದರು, ನಾನು ಫೋರಮನ್ನರನ್ನು ಕರೆದೆ, ಅವರು ದೇವರನ್ನು ಕರೆದರು. ಕೊನೆಗೆ ಮೂವರೂ ಕಣ್ಣು ಮುಚ್ಚಿ ಒಟ್ಟಿಗೆ ಎಳೆದೆವು. ಏನೂ ಸಿಡಿಯಲಿಲ್ಲ. ಹಿಟ್ಟೆಲ್ಲ ಕರಗಿ ಗಟ್ಟಿ ಗಂಟಾಗಿತ್ತು.

"ಬಾಗಲಕ್ಕ ಅಡ್ಡ ಇಡಾಕರ ಆತು ಬಿಡ್ರಿ" ಅಂದರು ಮಾಲಕರು. ಈಗಲೂ ಆಫೀಸಿನ ಬಾಗಿಲಿಗೆ ಆ ಗಂಟೇ ಅಡ್ಡ ಇದೆ.

ರೊಟ್ಟಿಯಲ್ಲಿ ಕರಕ್

ಆ ಹಿಟ್ಟು ಗಾಜಿನದು ಎಂದು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಅಂಗಿ ಝಾಡಿಸಿದ ಮೇಲಷ್ಟೇ ಹೆಂಡತಿ ಒಳಗೆ ಬಿಡುತ್ತಾಳೆ. ಒಂದು ದಿನ ರೊಟ್ಟಿ ಕಡಿದಾಗ ಕರಕ್ ಅಂತು. ಇಬ್ಬರ ಮುಖವೂ ಬಿಳಿಚಿಕೊಂಡಿತು. ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ಹುಡುಕಿದಳು. ಸಿಕ್ಕಿದ್ದು ಹಿಟ್ಟಿನ ಗಿರಣಿಯ ಕಲ್ಲಿನ ಹರಳು.

"ದೇವ್ರು ದೊಡ್ಡಾಂವ, ಬರೇ ಕಲ್ಲು" ಎಂದು ಇನ್ನೊಂದು ರೊಟ್ಟಿ ಬಡಿಸಿದಳು.

ಜೊಳ್ಳು

ಪ್ರತಿ ಸಲವೂ ಗಂಟೇ ಆಗಿ ಮಾಲಕರು ಬೇಸತ್ತರು. "ಈ ಸಲ ಮುಳುಗಿದ್ರ ಭಟ್ಟಿ ಬಂದ್. ನೀವು ಬ್ಯಾರೆ ನೌಕರಿ ನೋಡ್ಕೊರಿ" ಅಂದರು. ಕೊಳ್ಳುವ ಕಂಪನಿಯ ಎಂಜಿನಿಯರು ಅಂದೇ ಬರುವವರಿದ್ದರು. ಪರೀಕ್ಷೆ ಸರಳ: ಕಾಯಿಸಿದ ಹಿಟ್ಟನ್ನು ನೀರಿಗೆ ಹಾಕಬೇಕು. ಟೊಳ್ಳು ಉಳಿದದ್ದು ತೇಲುತ್ತದೆ, ಒಡೆದದ್ದು ಮುಳುಗುತ್ತದೆ.

ನೋಡುವ ಧೈರ್ಯವಿಲ್ಲದೆ ಮಾಲಕರು ಗೇಟಿನ ಹೊರಗೆ ಹೋಗಿ ನಿಂತರು. ನಾನೇ ಹಿಟ್ಟನ್ನು ಬಕೆಟ್ಟಿನ ನೀರಿಗೆ ಸುರಿದೆ. ಕೆನೆ ಕಟ್ಟಿದಂತೆ ತೇಲಿತು! ಮಾಲಕರನ್ನು ಕರೆಯಲು ಓಡಿದೆ.

ಬಂದು ನೋಡಿದರೆ ಬಕೆಟ್ಟಿನಲ್ಲಿ ತಿಳಿನೀರು. ಚಹಾ ಮಾಡುವ ಅಕ್ಕಾರು ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು.

"ಬರೇ ಜೊಳ್ಳು ತೇಲಾಕತ್ತಿತ್ರಿ. ಬಳದು ಗಟಾರಕ್ಕ ಚೆಲ್ಲೇನ್ರಿ. ಗಟ್ಟೀದು ತಳದಾಗ ಐತಿ ನೋಡ್ರಿ."

ತಳದಲ್ಲಿ ಒಂದು ಚಿಟಿಕೆ ಒಡೆದ ಗಾಜು ಇತ್ತು. ಜೋಳ ತೊಳೆಯುವಾಗ ತೇಲಿದ್ದನ್ನು ಚೆಲ್ಲುವ ರೂಢಿ ಅವರದು, ಯಾರನ್ನು ಬೈಯುವುದು?

ಅಷ್ಟರಲ್ಲಿ ಎಂಜಿನಿಯರರ ಕಾರು ಬಂತು. ನನ್ನ ನೌಕರಿ ಹೋಯಿತು ಅಂದುಕೊಂಡೆ. ಅವರು ಇಳಿದವರೇ ಗೇಟಿನ ಪಕ್ಕದ ಗಟಾರದಲ್ಲಿ ತೇಲುತ್ತಿದ್ದ ಬಿಳಿ ಹಿಟ್ಟಿನ ಮೇಲೆ ಬಗ್ಗಿದರು. "ಕಾಯಿಸಿದ್ದ ಏನ್ರಿ ಇದು? ಒಂದೂ ಮುಳುಗಿಲ್ಲಲ್ಲ."

ಮಾಲಕರು ಗಂಟಲು ಸರಿಮಾಡಿಕೊಂಡರು. "ಬಕೆಟ್ಟಿನಾಗ ಯಾರರ ತೇಲಸ್ತಾರ್ರಿ ಸರ. ನಮ್ದು ಗಟಾರದಾಗಿಂದ ಪರೀಕ್ಷಾ."

ಆರ್ಡರು ಸಿಕ್ಕಿತು. ಚಹಾ ಕೊಡುತ್ತ ಅಕ್ಕಾರು ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದರು: "ಜೊಳ್ಳಿಗೂ ಗಿರಾಕಿ ಅದಾರ ಅಂದ್ರ, ನಮ್ಮನ್ಯಾಗ ಒಂದ ಚೀಲ ಐತ್ರಿ. ತರ್ಲೇನ್ರಿ?"