ಕರ್ನಲ್‌ನ ಬಾಯಿ ಬಿಡಿಸಲು ಹೋಗಿ

ಅದು ಸಣ್ಣ ಕೆಲಸ ಎಂದು ಹೇಳಿದವಳು ನಾನೇ. ಬೇರೆ ಯಾರೂ ಹಾಗೆ ಹೇಳಿರಲಿಲ್ಲ. ನಮ್ಮ ಕಂಪನಿಯ ಮಾಲೀಕರಾದ ವಾಂಖೆಡೆ ಸಾಹೇಬರು ಕೂಡ "ಸೋಚ್ ಲೋ, ಮ್ಯಾಡಮ್" ಎಂದಿದ್ದರು. ನಾನು ಯೋಚಿಸಲಿಲ್ಲ. "ಹೋ ಜಾಯೇಗಾ ಸರ್" ಎಂದು ಒಪ್ಪಿಕೊಂಡುಬಿಟ್ಟೆ.

ನಮ್ಮದು ನಾಗಪುರದ ಒಂದು ಪುಟ್ಟ ಕಂಪನಿ. ಕಿತ್ತಳೆ ವಿಂಗಡಿಸುವ ಯಂತ್ರ ತಯಾರಿಸುತ್ತೇವೆ. ಬೆಲ್ಟಿನ ಮೇಲೆ ಹಣ್ಣು ಉರುಳಿಕೊಂಡು ಬರುತ್ತದೆ, ಯಂತ್ರ ಅದನ್ನು ತೂಗಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಬೇರೆ ಬೇರೆ ಬುಟ್ಟಿಗೆ ತಳ್ಳುತ್ತದೆ. ಒಳಗೊಂದು ಚಿಕ್ಕ ಕಂಪ್ಯೂಟರ್, ಅದಕ್ಕೆ ನಾವೇ ಬರೆದ ಆಪರೇಟಿಂಗ್ ಸಿಸ್ಟಂ. ಆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಮನೆಯಲ್ಲಿ ಯಜಮಾನಿ ಇದ್ದ ಹಾಗೆ, ಎಲ್ಲರಿಗೂ ಕೆಲಸ ಹಚ್ಚುವುದು ಅದೇ. ಅದು ಸತ್ತರೆ ಯಂತ್ರ ನಿಂತಲ್ಲೇ ನಿಲ್ಲುತ್ತದೆ.

ನಮ್ಮ ಕರ್ನಲ್ ದಿನಾ ಸಾಯುತ್ತಿತ್ತು.

ಸಾಯಲಿ, ಕಾರಣ ಹೇಳಿ ಸಾಯಬೇಕಲ್ಲ? ಹಳೆಯ ಯಂತ್ರಗಳಲ್ಲಿ ಸೀರಿಯಲ್ ಪೋರ್ಟ್ ಎಂಬ ಹಳೇ ಕಾಲದ ಒಂದು ಕಿಂಡಿ ಇರುತ್ತಿತ್ತು. ಕೊನೆಯುಸಿರೆಳೆಯುವ ಮುನ್ನ ಕರ್ನಲ್ ಆ ಕಿಂಡಿಯ ಮೂಲಕ ತನಗೇನಾಯಿತು ಎಂದು ತಿಳಿಸುತ್ತಿತ್ತು. ಹೊಸ ಯಂತ್ರದಲ್ಲಿ ಆ ಕಿಂಡಿಯೇ ಇಲ್ಲ, ಇರುವುದು ಯುಎಸ್‌ಬಿ ಮಾತ್ರ. ಹಾಗಾಗಿ ಕರ್ನಲ್‌ನ ಮರಣಕಾಲದ ಹೇಳಿಕೆಯನ್ನು ಯುಎಸ್‌ಬಿ ಕೇಬಲ್ ಮೂಲಕ ಪಕ್ಕದ ಲ್ಯಾಪ್‌ಟಾಪಿಗೆ ಮುಟ್ಟಿಸುವ ವ್ಯವಸ್ಥೆಯನ್ನು ಹೊಸದಾಗಿ ಬರೆಯಬೇಕಿತ್ತು. ಇದಕ್ಕೆ ಯುಎಸ್‌ಬಿ ಡಿಬಗ್ಗಿಂಗ್ ಎಂದು ಹೆಸರು. ನಾನು ಸಣ್ಣ ಕೆಲಸ ಎಂದದ್ದು ಇದನ್ನೇ.

ನಮ್ಮೂರಿನ ಹಣ್ಣಿನ ಸಗಟು ಮಾರುಕಟ್ಟೆಯಾದ ಕಳಮನಾ ಮಂಡಿಯಲ್ಲಿ ಆಗಲೇ ಕಿತ್ತಳೆ ಬರತೊಡಗಿತ್ತು. ಅಲ್ಲಿಯ ಸೇಠರೊಬ್ಬರು ನಮ್ಮ ಯಂತ್ರವನ್ನು ಇಟ್ಟು ನೋಡಲು ಒಪ್ಪಿದ್ದರು. ಅವರು ಕೊಂಡರೆ ಮಂಡಿಯಲ್ಲಿ ಉಳಿದವರೂ ಕೊಳ್ಳುತ್ತಾರೆ. ಅವರು ಬೇಡವೆಂದರೆ ಕಂಪನಿಗೆ ಬೀಗ ಹಾಕುವುದೇ ಎಂದು ವಾಂಖೆಡೆ ಸಾಹೇಬರು ಬಹಳ ಶಾಂತವಾಗಿ ಹೇಳಿದ್ದರು. ಅವರ ಆ ಶಾಂತಿಯೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಯಂತ್ರದ ಒಳಗಿನ ಕಂಪ್ಯೂಟರನ್ನು ಬಿಚ್ಚಿಕೊಂಡು ಲಕ್ಷ್ಮೀ ನಗರದ ನಮ್ಮ ಮನೆಗೆ ತಂದು ಊಟದ ಟೇಬಲ್ಲಿನ ಮೇಲೆ ಪ್ರತಿಷ್ಠಾಪಿಸಿದೆ. ಬೇಕಾದದ್ದನ್ನೆಲ್ಲ ಓದಿ, ಬರೆದು, ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನ ಪರದೆ ನೋಡುತ್ತ ಕುಳಿತೆ. ಪರದೆ ಖಾಲಿ. ತಿದ್ದಿ ಮತ್ತೆ ಹಚ್ಚಿದೆ. ಆಗಲೂ ಖಾಲಿ.

ನನ್ನ ಯಜಮಾನರು, ಶಿವಾನಂದ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಕಾಲೇಜು ಮುಗಿಸಿ ಬಂದವರು ನನ್ನ ಮುಖ ನೋಡಿ ನಿಂತರು.

"ಯಾಕ ಸುಮ್ನ ಕುಂತಿ, ಗಿರಿಜಾ?"

"ಕರ್ನಲ್ ಮಾತಾಡವಲ್ದು ರೀ."

"ಯಾಕ ಮಾತಾಡವಲ್ದು?"

"ಯಾಕ ಅಂತ ಅದೇ ಹೇಳಬೇಕು."

"ಅದು ಮಾತಾಡವಲ್ದಲ್ಲ?"

"ಅದಕ್ಕೇ ಸುಮ್ನ ಕುಂತೇನಿ."

ಅವರು ಊಟದ ತಟ್ಟೆಗಳನ್ನು ಸೋಫಾದ ಕಡೆಗೆ ಸಾಗಿಸಿದರು. ಅಂದಿನಿಂದ ನಮ್ಮ ಊಟ ಅಲ್ಲೇ ಆಯಿತು.

ಬಾಗಿಲು ತೆರೆದಿದ್ದಾಗಲೇ ನಾನು ಸಾಹೇಬರಿಗೆ ಫೋನ್ ಮಾಡಿ "ಸರ್, ಕರ್ನಲ್ ಮರ್ ಗಯಾ, ಕುಛ್ ಬೋಲಾ ಭೀ ನಹೀಂ" ಎಂದು ಅಳುದನಿಯಲ್ಲಿ ಹೇಳಿದ್ದು ಇನ್ನೊಂದು ಎಡವಟ್ಟಾಯಿತು. ಮೆಟ್ಟಿಲಿಳಿಯುತ್ತಿದ್ದ ಮೇಲಿನ ಮನೆಯ ಜೋಶಿ ಕಾಕು ಅದನ್ನು ಕೇಳಿಸಿಕೊಂಡರು. ಸೈನ್ಯದಲ್ಲಿ ಕರ್ನಲ್ ಆಗಿದ್ದ ನಮ್ಮ ಹತ್ತಿರದ ನೆಂಟರು ಯಾರೋ ತೀರಿಕೊಂಡರೆಂದು ತಿಳಿದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ಸ್ವಲ್ಪ ಹೊತ್ತಿಗೇ ಕಡಲೆಹಿಟ್ಟಿನ ಪಿಠಲೆ, ಜೋಳದ ಭಾಕರಿ ಮಾಡಿಕೊಂಡು ಬಂದು ನನ್ನ ಬೆನ್ನು ಸವರಿದರು. ಮರಾಠಿಯಲ್ಲಿ, "ಕೊನೇ ಗಳಿಗೆಯಲ್ಲಿ ಏನೂ ಮಾತಾಡಲಿಲ್ಲವಂತೆ, ಪಾಪ" ಎಂದರು. ನಿಜ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬಂದಿತ್ತು. ತೆರೆದ ಬಾಯಿಯಿಂದ ಪಿಠಲೆ ತಿಂದೆ.

ಕೊನೆಗೆ ತಪ್ಪು ಕೇಬಲ್ಲಿನದೆಂದು ಗೊತ್ತಾಯಿತು. ಈ ಕೆಲಸಕ್ಕೆ ಮಾಮೂಲಿ ಕೇಬಲ್ ನಡೆಯುವುದಿಲ್ಲ. ಎರಡೂ ತುದಿ ಒಂದೇ ತೆರನಾಗಿರುವ ಕೇಬಲ್ ಬೇಕು, ಅದರೊಳಗೆ ಕರೆಂಟ್ ಹರಿಯುವ ಕೆಂಪು ತಂತಿಯನ್ನು ಕತ್ತರಿಸಿರಬೇಕು. ಎರಡೂ ಕಡೆ ಕಂಪ್ಯೂಟರೇ ಇರುವುದರಿಂದ, ಕತ್ತರಿಸದಿದ್ದರೆ ಎರಡೂ ಒಂದರ ಮೇಲೊಂದು ಕರೆಂಟ್ ನೂಕುತ್ತವೆ. ಸ್ಕೂಟರ್ ಹತ್ತಿ ಹಳೇ ಪೇಟೆಯಾದ ಮಹಾಲ್‌ನ ಗಲ್ಲಿಗಳಲ್ಲೆಲ್ಲ ಅಲೆದು ಅಂಥ ಎರಡು ಕೇಬಲ್ ಕೊಂಡೆ. ಕತ್ತರಿಸುವಾಗ ಒಂದು ಹಾಳಾದರೆ ಇನ್ನೊಂದಿರಲಿ ಎಂಬ ಮುಂದಾಲೋಚನೆ. ನನ್ನನ್ನು ಮುಳುಗಿಸಿದ್ದು ಆ ಮುಂದಾಲೋಚನೆಯೇ.

ಒಂದರ ಸಿಪ್ಪೆ ಸೀಳಿ, ಕೆಂಪು ತಂತಿಯನ್ನು ಕತ್ತರಿಸಿ, ಕಪ್ಪು ಟೇಪ್ ಸುತ್ತಿದೆ. ಕೈ ತೊಳೆದು ಬಂದೆ. ಟೇಬಲ್ಲಿನ ಮೇಲಿದ್ದ ಕೇಬಲ್ ಎತ್ತಿ ಸಿಕ್ಕಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಬರೆಯುವ ಕೆಲಸ ನಡೆದಿತ್ತು, ಆದ್ದರಿಂದ ಕೇಳುವ ಕೆಲಸಕ್ಕೆ ಯಜಮಾನರ ಲ್ಯಾಪ್‌ಟಾಪ್ ಇಟ್ಟಿದ್ದೆ. ಅವರನ್ನು ಕೇಳಿರಲಿಲ್ಲ. ಐದು ನಿಮಿಷದ ಕೆಲಸಕ್ಕೆ ಕೇಳುವುದೇನು?

ಸುಟ್ಟ ವಾಸನೆ ಮೊದಲು ಬಂದದ್ದು ಅಡುಗೆಮನೆಯಲ್ಲಿದ್ದ ಅವರಿಗೆ.

"ಗಿರಿಜಾ, ಒಲಿ ಮ್ಯಾಲ ಏನೂ ಇಲ್ಲ. ಮತ್ತ ಏನ್ ಹೊತ್ತಾಕತ್ತೈತಿ?"

ನಾನು ಸಿಕ್ಕಿಸಿದ್ದ ಕೇಬಲ್ ನೋಡಿದೆ. ಅದಕ್ಕೆ ಕಪ್ಪು ಟೇಪ್ ಇರಲಿಲ್ಲ. ಟೇಪ್ ಇದ್ದದ್ದು ಪೇಪರಿನ ಕೆಳಗೆ ತಣ್ಣಗೆ ಮಲಗಿತ್ತು.

ಯಂತ್ರದ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಯಜಮಾನರ ಲ್ಯಾಪ್‌ಟಾಪ್ ಮಾತ್ರ ಮತ್ತೆ ಕಣ್ಣು ಬಿಡಲಿಲ್ಲ. ಮರುದಿನ ಅವರು ಕಾಲೇಜಿನ ವಿಚಾರಗೋಷ್ಠಿಯಲ್ಲಿ ತೋರಿಸಬೇಕಿದ್ದ ಚಿತ್ರಗಳೆಲ್ಲ ಅದರಲ್ಲೇ ಇದ್ದವು. ಅವರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಮೆಲ್ಲಗೆ ಹೇಳಿದರು.

"ಎರಡು ಬ್ಯಾಟರಿ ಎದುರಾಬದುರು ಜೋಡಿಸಬಾರ್ದು ಅಂತ ಹುಡುಗರಿಗೆ ಪ್ರತಿ ವರ್ಷಾ ಕಲಸ್ತೇನಿ. ಮನ್ಯಾಗ ಕಲಸೋದು ಬಿಟ್ಟೆ. ನಂದಽ ತಪ್ಪು."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮರುದಿನ ಅವರು ಚಾಕ್‌ಪೀಸ್ ಹಿಡಿದುಕೊಂಡು ಗೋಷ್ಠಿಗೆ ಹೋದರು.

ಸರಿಯಾದ ಕೇಬಲ್ ಹಾಕಿ, ಈ ಸಲ ನನ್ನದೇ ಲ್ಯಾಪ್‌ಟಾಪ್ ಜೋಡಿಸಿದೆ. ಪರದೆಯ ಮೇಲೆ ಒಂದು ಸಾಲು ಮೂಡಿತು. ಮತ್ತೊಂದು ಮೂಡಿತು. ಕರ್ನಲ್ ಮಾತಾಡಿತ್ತು. ಇನ್ನು ಅದು ಸಾಯುವುದೊಂದೇ ಬಾಕಿ, ಕಾರಣ ಬರೆದುಕೊಳ್ಳಲು ನಾನು ಸಿದ್ಧಳಾಗಿ ಕೂತೆ. ಆದರೆ ಕರ್ನಲ್ ಸಾಯಲಿಲ್ಲ. ಇಷ್ಟು ದಿನ ಕೆಮ್ಮಿದರೆ ಸಾಯುತ್ತಿದ್ದದ್ದು, ಕೇಬಲ್ ಜೋಡಿಸಿದ ಮೇಲೆ ಗುಂಡುಕಲ್ಲಿನ ಹಾಗೆ ಬದುಕತೊಡಗಿತು. ನಾಲ್ಕಾರು ದಿನ ಹಗಲೆಲ್ಲ ಅದರ ಎದುರು ಕೂತು ಸಾಯಿ, ಸಾಯಿ ಎಂದು ಬೇಡಿಕೊಂಡೆ. ಮೇಲಿನ ಮನೆಗೆ ಕೇಳಿಸದಂತೆ.

"ಮರ್‌ತಾ ನಹೀಂ ತೋ ಅಚ್ಛಾ ಹೀ ಹೈ ನಾ" ಎಂದರು ವಾಂಖೆಡೆ ಸಾಹೇಬರು. ಸಾಯದಿದ್ದರೆ ಒಳ್ಳೆಯದೇ ಅಲ್ಲವೇ? ಕೇಬಲ್ಲಿನ ಮೂಲಕ ಮಾತಾಡುವ ಗಡಿಬಿಡಿಯಲ್ಲಿ ಅದರ ವೇಗ ತಗ್ಗಿ, ರೋಗ ಬರೀ ಅಡಗಿ ಕೂತಿದೆ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು. ಆದರೆ ದಣಿದಿದ್ದೆ. "ಹೌದು ಸರ್" ಎಂದೆ. ಯಂತ್ರ ಕಳಮನಾಕ್ಕೆ ಹೋಯಿತು.

ಮಂಡಿಯಲ್ಲಿ ಬೆಳಿಗ್ಗೆಯೇ ಕಿತ್ತಳೆಯ ರಾಶಿ ಬಿದ್ದಿತ್ತು. ಹೊರಗೆ ಲಾರಿ ನಿಂತಿತ್ತು. ಯಂತ್ರ ಬರುತ್ತದೆಂದು ಸೇಠರು ಹಣ್ಣು ಆರಿಸುವವರಿಗೆಲ್ಲ ಅಂದು ರಜೆ ಕೊಟ್ಟಿದ್ದರು. ಅಕ್ಕಪಕ್ಕದ ವ್ಯಾಪಾರಿಗಳೂ ಬಂದು ನಿಂತರು. ಸಾಹೇಬರು ಕೈಮುಗಿದು ಬಟನ್ ಒತ್ತಿದರು.

ಬೆಲ್ಟ್ ಅಲುಗಲಿಲ್ಲ. ಪರದೆ ಕಪ್ಪಗಿತ್ತು.

ಸಾಹೇಬರು ನನ್ನ ಕಡೆ ನೋಡಿದರು. ನಾನು ಕಿತ್ತಳೆಯ ಕಡೆ ನೋಡಿದೆ. ನನಗೆ ಗೊತ್ತಾಗಿತ್ತು. ಮನೆಯಲ್ಲಿ ಅನುಕೂಲಕ್ಕಿರಲೆಂದು ಕರ್ನಲ್‌ಗೆ ಒಂದು ಅಪ್ಪಣೆ ಬರೆದಿದ್ದೆ: ಕೇಬಲ್ಲಿನ ಆ ತುದಿಯಿಂದ ಉತ್ತರ ಬರುವವರೆಗೆ ಕಾಯಬೇಕು, ಅಲ್ಲಿಯವರೆಗೆ ಏನೂ ಮಾಡಕೂಡದು. ತರುವ ಮುನ್ನ ಅದನ್ನು ತೆಗೆಯಲು ಮರೆತಿದ್ದೆ. ಕರ್ನಲ್ ಬಹಳ ವಿಧೇಯವಾಗಿ ಕಾಯುತ್ತಿತ್ತು. ಲ್ಯಾಪ್‌ಟಾಪ್ ನನ್ನ ಚೀಲದಲ್ಲಿತ್ತು. ಕೇಬಲ್ ಲಕ್ಷ್ಮೀ ನಗರದಲ್ಲಿತ್ತು.

ಅಂದು ಯಜಮಾನರಿಗೆ ರಜೆ. ಫೋನ್ ಮಾಡಿದೆ.

"ಕಪ್ಪು ಟೇಪಿಂದು ತರ್ರಿ. ಜಲ್ದಿ ಬರ್ರಿ. ಇನ್ನೊಂದು ತಂದೀರಿ ಗಿಂದೀರಿ."

"ಇನ್ನೊಂದನ್ನ ನಾ ಅವತ್ತಽ ಕಸದಾಗ ಒಗದೇನಿ" ಎಂದರು ಅವರು.

ಊರಿನ ಆ ತುದಿಯಿಂದ ಈ ತುದಿಗೆ ಸ್ಕೂಟರಿನಲ್ಲಿ ಅವರು ಬರುವವರೆಗೆ ಸಾಹೇಬರು ಸೇಠರಿಗೆ ಯಂತ್ರದ ಬಣ್ಣದ ಬಗ್ಗೆ ವಿವರಿಸಿದರು. ಕೇಬಲ್ ಸಿಕ್ಕಿಸಿದೆ. ಬೆಲ್ಟ್ ಓಡಿತು. ಕಿತ್ತಳೆಗಳು ಉರುಳಿ ತಮ್ಮ ತಮ್ಮ ಬುಟ್ಟಿಗೆ ಬಿದ್ದವು. "ವಾಹ್" ಎಂದರು ಸೇಠರು. ನನ್ನ ಕಣ್ಣು ತುಂಬಿ ಬಂತು.

ಬುಟ್ಟಿಗಳು ಅರ್ಧ ತುಂಬುವ ಮೊದಲೇ ಯಂತ್ರ ನಿಂತಿತು. ಕರ್ನಲ್ ಸತ್ತಿತ್ತು. ಆದರೆ ಈ ಸಲ ಕಾರಣ ಹೇಳಿ ಸತ್ತಿತ್ತು. ಯಾವ ಭಾಗದಲ್ಲಿ, ಯಾವ ಸಾಲಿನಲ್ಲಿ ತಪ್ಪಾಯಿತೆಂದು ಲ್ಯಾಪ್‌ಟಾಪಿನ ಮೇಲೆ ಸ್ಪಷ್ಟವಾಗಿ ಮೂಡಿತ್ತು. ನಾನು ಓದಿದೆ. ಮತ್ತೆ ಓದಿದೆ.

ಸಾಹೇಬರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. "ಪತಾ ಚಲಾ? ಕಿಸ್‌ಕೀ ಗಲತೀ ಹೈ?" ಯಾರ ತಪ್ಪೆಂದು ಗೊತ್ತಾಯಿತೇ?

ಹಳೆಯ ರೋಗ ಎಲ್ಲಿತ್ತೋ ಅಲ್ಲೇ ಅಡಗಿತ್ತು. ಇದು ಹೊಸ ಸಾವು. ಕರ್ನಲ್ ಬೆರಳು ಮಾಡಿದ್ದು ಯುಎಸ್‌ಬಿ ಡಿಬಗ್ಗಿಂಗ್ ಭಾಗದ ಕಡೆಗೆ. ಅದರ ಮೊದಲಿನಿಂದ ಕೊನೆಯವರೆಗಿನ ಪ್ರತಿ ಸಾಲನ್ನೂ ನಾನೇ ಬರೆದಿದ್ದೆ.

"ಮೇರೀ, ಸರ್" ಎಂದೆ.

ಸೇಠರು ಯಂತ್ರವನ್ನು ಸಂಜೆಯೊಳಗೆ ಎತ್ತಿಕೊಂಡು ಹೋಗಿ ಎಂದರು. ಲಾರಿಯವನು ಹಾರ್ನ್ ಬಾರಿಸತೊಡಗಿದ್ದ. ಆರಿಸುವವರು ಯಾರೂ ಇರಲಿಲ್ಲ. ಸಾಹೇಬರು ಕೋಟು ಬಿಚ್ಚಿಟ್ಟು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಯಜಮಾನರು ಪ್ಯಾಂಟು ಮಡಚಿ ಕೂತರು. ನಾನೂ ಕೂತೆ. ಕೈಯಿಂದಲೇ ಸಣ್ಣದು, ಮಧ್ಯಮ, ದೊಡ್ಡದು ಎಂದು ಬೇರೆ ಮಾಡತೊಡಗಿದೆವು.

ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ. ನಾನು ಬುಟ್ಟಿಗೆ ಹಾಕಿದ ಹಣ್ಣನ್ನು ಯಜಮಾನರು ಸದ್ದಿಲ್ಲದೆ ತೆಗೆದು ಬೇರೆ ಬುಟ್ಟಿಗೆ ಹಾಕುತ್ತಿದ್ದರು.