ಚಿತ್ರ ನೋಡಿದವರಿಗೆ ಕಾಫಿ

ಪಾಂಡವಪುರದ ನಮ್ಮ ಭಾವನ ಮನೆಯಲ್ಲಿ ಕಾಫಿ ಸಿಗಬೇಕಾದರೆ ಎಕ್ಸಾಮ್ ಪಾಸಾಗಬೇಕು. ನಗಬೇಡಿ, ಬೀಗರೇ ಫೇಲಾಗಿ ಹೋಗಿದ್ದಾರೆ!

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಆಲೆಮನೆ ನಡೆಸಿ, ಬೆಲ್ಲ ಮಾರಿ ಶ್ರೀಮಂತರಾದವರು. ಕಾನ್ವೆಂಟಿನಲ್ಲಿ ಓದಿದವಳೆಂದು ಒಮ್ಮೆ ನನ್ನಿಂದ ಇಂಗ್ಲಿಷ್ ಪುಸ್ತಕವೊಂದನ್ನು ಓದಿಸಿ ಕೇಳಿದರು. ಹಿಂದಿನ ಕಾಲದಲ್ಲಿ ಚಿಕಾಗೋ ಊರು ಬೆಳೆಯುವಾಗ ಹಂದಿಮಾಂಸ, ಗೋಧಿ ಮಾರಿದ ಸಾಹುಕಾರರು ಫ್ರಾನ್ಸಿನಿಂದ ಪೇಂಟಿಂಗ್ ತರಿಸಿ ಗೋಡೆ ತುಂಬಿಸಿದರಂತೆ. ಊರಿಗೆ ಕಲ್ಚರ್ ಬಂತಂತೆ.

"ಹಂದಿ ಮಾರ್ದೋರೇ ಅಷ್ಟು ಮಾಡವ್ರೆ, ಬೆಲ್ಲ ಮಾರೋನ್ಗೆ ಏನಮ್ಮಿ ಕಮ್ಮಿ?" ಅಂದರು.

ಅವತ್ತಿನಿಂದ ಮೈಸೂರಿಗೆ ಬೆಲ್ಲ ಹೊತ್ತು ಹೋದ ಗಾಡಿ ಚಿತ್ರ ಹೊತ್ತು ಬರತೊಡಗಿತು. ಪಡಸಾಲೆ, ಕೋಣೆ, ಕೊನೆಗೆ ಬಚ್ಚಲುಮನೆಯ ಗೋಡೆಗೂ ಚಿತ್ರ! "ಮೊಳೆ ಹೊಡ್ದು ಹೊಡ್ದು ಮನೆ ಜರಡಿ ಆಗೋಯ್ತು" ಎಂದು ಅಕ್ಕ ಬೈಯುತ್ತಿದ್ದಳು. ಧೂಳು ಒರೆಸುವಾಗಲೂ ಅವಳ ಮುಖ ಆಚೆಗೇ!

ರೂಲ್ ಸಿಂಪಲ್. ಬಂದವರು ಒಂದು ಚಿತ್ರದ ಮುಂದೆ ನಿಂತು ಕಂಡದ್ದನ್ನು ಹೇಳಬೇಕು. "ಚೆನ್ನಾಗದೆ" ಅಂದರೆ ಅರ್ಧ ಲೋಟ. ರೇಟು ಕೇಳಿದರೆ ಬರೀ ನೀರು. ಬೀಗರು ಹೊಳೆ, ಗದ್ದೆ ಇದ್ದ ಚಿತ್ರ ನೋಡಿ, "ಈ ಗದ್ದೆ ಎಕರೆಗೆ ಏನ್ ಓಯ್ತದೆ?" ಅಂದುಬಿಟ್ಟರು. ನೀರು ಕುಡಿದು ಬಸ್ಸು ಹತ್ತಿದರು, ಪಾಪ.

ಹೋದ ವರ್ಷ ಭಾವನ ಕಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಉಳಿದದ್ದೂ ನಿಲ್ಲುವುದಿಲ್ಲ ಎಂದರು ಡಾಕ್ಟರು. ಅಕ್ಕ ಅತ್ತಳು. ಭಾವ ಮಾರನೆಯ ದಿನ ಹೋಗಿ ಇನ್ನೊಂದು ಚಿತ್ರ ತಂದರು!

"ಈಗ್ಯಾಕೆ ಭಾವ, ಇದೆಲ್ಲ?"

"ನೋಡೋರು ಬತ್ತಾರೆ. ಅವ್ರು ಏಳ್ಲಿ, ನಾನು ಕೇಳಿಸ್ಕೋತೀನಿ."

ಬಂದವರೋ, "ಮರ ಅದೆ, ದನ ಅದೆ" ಎಂದು ಲೋಟಕ್ಕೆ ಕೈ ಚಾಚುವವರೇ. ಭಾವ ಮಂಕಾದರು. "ಇಷ್ಟೇ ಆಗಿದ್ರೆ ಬರೀ ಗೋಡೆನೇ ಸಾಕಾಗಿತ್ತು ಕಣಮ್ಮಿ" ಅಂದರು. ಆ ದನಿ ನನಗೆ ಹಿಡಿಸಲಿಲ್ಲ.

ಮೊನ್ನೆ ಹೋದಾಗ ಪಡಸಾಲೆಯಲ್ಲಿ ಅಕ್ಕನ ಮಾತು ಕೇಳಿಸಿತು. ಭಾವ ಕುರ್ಚಿಯಲ್ಲಿ, ಅಕ್ಕ ಅದೇ ಹೊಳೆಯ ಚಿತ್ರದ ಮುಂದೆ, ಸೆರಗು ಸಿಕ್ಕಿಸಿ ನಿಂತಿದ್ದಾಳೆ.

"ಒಬ್ಳು ಬಟ್ಟೆ ಒಗೀತಾವ್ಳೆ. ಸೊಂಟ ನೋವು ಅವ್ಳಿಗೆ."

"ಎಂಗ್ ಗೊತ್ತಾಯ್ತು?"

"ಒಂದು ಕೈ ಸೊಂಟದ್ ಮೇಲೆ ಮಡಗವ್ಳಲ್ಲ. ಆದ್ರೂ ನಗ್ತಾವ್ಳೆ. ದಡದಲ್ಲಿ ಯಾರೋ ಅವ್ರೆ ಕಣ್ರೀ, ನಮ್ಗೆ ಕಾಣ್ದಂಗೆ."

ಭಾವ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು.

"ಇಷ್ಟು ವರ್ಸ ನಾನು ಬರೀ ನೀರ್ನೇ ನೋಡ್ಕೊಂಡ್ ಕೂತಿದ್ನಲ್ಲ! ನಿಂಗೆ ಪೂರ್ತಿ ಲೋಟ ಕಣೇ."

"ಮಾಡೋಳು ನಾನೇ ತಾನೆ?" ಅಂದಳು ಅಕ್ಕ.

ಆದರೆ ಅಡುಗೆಮನೆಗೆ ಹೋಗಲಿಲ್ಲ. ಪಕ್ಕದ ಚಿತ್ರಕ್ಕೆ ಸರಿದು ನಿಂತಳು. ಅವತ್ತು ಒಲೆಯ ಮೇಲೆ ಹಾಲಿಟ್ಟವಳು ನಾನು.