ರಿಪೇರಿಯ ನೆಪದಲ್ಲಿ ಒಂದು ಸಣ್ಣ ಕಾರು

ದೇಶ ಸುತ್ತುವಾಗ ಇಂಥ ಪ್ರಸಂಗಗಳು ನನಗೆ ವರ್ಷಕ್ಕೊಮ್ಮೆ ಆಗುತ್ತಿದ್ದವು. ಕೊಪ್ಪಳದಲ್ಲಿ ಸುಮ್ಮನೆ ಕೂತ ಮೇಲೆ ವಾರಕ್ಕೊಂದು.

ಪ್ರವಾಸಿಗರನ್ನು ಊರೂರು ತಿರುಗಿಸುವುದು ನನ್ನ ಕೆಲಸ. ಮೊಣಕಾಲಿನ ಆಪರೇಷನ್ ಆಯಿತು, ಡಾಕ್ಟರು "ಆರು ತಿಂಗಳು ತಿರುಗಾಟ ಬಂದ್" ಅಂದರು. ಕಾವಲಿಗೆ ಅವ್ವನ ತಂಗಿ, ನಮ್ಮ ಚಿಗವ್ವ. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ನನ್ನ ಕಾಲು ತಾನೇ ಚಪ್ಪಲಿ ಹುಡುಕುತ್ತಿತ್ತು. ಜೊತೆಗಿದ್ದದ್ದು ಜಪಾನಿನ ಗಲ್ಲಿಯೊಂದರಲ್ಲಿ ಕೊಂಡ ರಿಮೋಟ್ ಕಾರು. ಅದನ್ನು ಅಂಗಳದಲ್ಲಿ ಓಡಿಸಿ, ನಾನೇ ಎಲ್ಲಿಗೋ ಹೋದೆ ಅಂದುಕೊಳ್ಳುತ್ತಿದ್ದೆ.

ಒಂದು ದಿನ ಅದರ ಡಿಫರೆನ್ಷಿಯಲ್ ಕೈಕೊಟ್ಟಿತು. ತಿರುವಿನಲ್ಲಿ ಒಂದು ಗಾಲಿ ಜೋರಾಗಿ, ಇನ್ನೊಂದು ನಿಧಾನವಾಗಿ ಉರುಳಲು ಬಿಡುವ, ಲಿಂಬೆಹಣ್ಣಿನಷ್ಟು ಗೇರುಪೆಟ್ಟಿಗೆ ಅದು.

"ರಿಪೇರಿಗಂದ್ರ ಹೋಗಿ ಬಾ. ಸುಮ್ನ ತಿರುಗಾಕಂದ್ರ ಕಾಲು ಮುರೀತೀನಿ" ಅಂದಳು ಚಿಗವ್ವ.

ಗಂಗಾವತಿಯ ಲಾಕು

ಭತ್ತದ ಗದ್ದೆಯ ಟ್ರ್ಯಾಕ್ಟರುಗಳಲ್ಲೇ ತಲೆ ಹಣ್ಣಾದ ಮಿಸ್ತ್ರಿ ನನ್ನ ಕಾರನ್ನು ಅಂಗೈಯಲ್ಲಿಟ್ಟು ನೋಡಿದ.

"ಅಕ್ಕಾರ, ಇದರಾಗ ಎರಡೂ ಗಾಲಿ ಕೂಡಿಸೋ ಲಾಕ್ ಇಲ್ಲಲ್ರಿ! ಕೆಸರಾಗ ಒಂದು ಗಾಲಿ ಸಿಕ್ರ ಏನ್ ಮಾಡ್ತೀರಿ?"

"ನಮ್ಮ ಅಂಗಳದಾಗ ಕೆಸರಿಲ್ಲೋ ಮಾರಾಯ."

"ಇವತ್ತಿಲ್ಲ. ನಾಳೆ ಕಾಲುವಿ ಬಂದ್ರ?"

ನಾನು ಚಹಾ ಕುಡಿದು ಬರುವಷ್ಟರಲ್ಲಿ ಒಳಗೆಲ್ಲ ಅಂಟು ಜಡಿದು, ಎರಡೂ ಗಾಲಿ ಒಂದೇ ವೇಗದಲ್ಲಿ ಉರುಳುವಂತೆ ಮಾಡಿಟ್ಟಿದ್ದ. ಮನೆಗೆ ತಂದು ಎಡಕ್ಕೆ ತಿರುಗಿಸಿದೆ. ಕಾರು ನೆಟ್ಟಗೆ ಹೋಗಿ ತುಳಸಿಕಟ್ಟೆಗೆ ಹಣೆ ಹಚ್ಚಿತು. ಫೋನಿನಲ್ಲಿ ಬೈದೆ.

"ತಿರುವು ಬಂದಾಗ ಡ್ರೈವರ್ ಲಾಕ್ ತೆಗೀಬೇಕ್ರಿ" ಅಂದ. "ನಿಮ್ಮ ಡ್ರೈವರ್ ಎಲ್ಲದಾನ?"

ಕುಷ್ಟಗಿಯ ಕುಸುರಿ

ಆ ಪೆಟ್ಟಿಗೆ ಎಸೆದು ಹೊಸದನ್ನು, ಅದಕ್ಕೆ ಉಕ್ಕಿನ ಗೇರುಗಳನ್ನು ತರಿಸಿದೆ. ಗೇರು ಸಡಿಲಾಗಿ ಅಲುಗಾಡುತ್ತಿದ್ದವು. ನಡುವೆ ಕಾಗದದಷ್ಟು ತೆಳ್ಳನೆಯ ವಾಶರ್ ಬೇಕು. ಅಷ್ಟು ತೆಳ್ಳಗೆ ಬಡಿಯುವವರು ಚಿನ್ನಬೆಳ್ಳಿ ಕೆಲಸದ ಪತ್ತಾರರೇ ಸೈ.

"ಮೂಗಿಂದೋ, ಕಿವೀದೋ?" ಅಂದರು ಕುಷ್ಟಗಿಯ ಪತ್ತಾರರು.

"ಹಿಂದಿನ ಗಾಲೀದು."

"ಇವತ್ತು ಅಮಾಸಿ. ಹತ್ಯಾರ ಮುಟ್ಟಂಗಿಲ್ರಿ. ನಾಳೆ ಬರ್ರಿ."

ನನಗೋ ಹಬ್ಬ! ಎರಡು ದಿನ, ನಾಲ್ಕು ಬಸ್ಸು. ಮನೆಗೆ ಬಂದರೆ ಚಿಗವ್ವ ಕಾರಿನ ಸುದ್ದಿ ಕೇಳಲಿಲ್ಲ, "ಕಿಟಕಿ ಸೀಟ್ ಸಿಕ್ಕಿತ್ತೇನು? ಸಜ್ಜಿ ತೆನಿ ಬಂದಾವೇನು?" ಅಂತ ಕೇಳಿದಳು.

ಮರುದಿನ ಪತ್ತಾರರು ಕೈಗಿಟ್ಟದ್ದು ಬೆಳ್ಳಿಯ ವಾಶರ್, ಅಂಚಿಗೆ ಮಲ್ಲಿಗೆ ಎಸಳಿನ ಕುಸುರಿ.

"ಒಳಗಿದ್ದದ್ದು ಯಾರಿಗೆ ಕಾಣತೈತ್ರಿ?"

"ಮುಂದ ಯಾರರ ಬಿಚ್ತಾರಲ್ರಿ? ಕುಷ್ಟಗ್ಯಾಗ ಮಾಡಿದ್ದು ಅಂತ ಅವ್ರಿಗೆ ತಿಳೀಬ್ಯಾಡೇನು?"

ಚಿಗವ್ವನ ಎಣ್ಣೆ

ಈ ಪೆಟ್ಟಿಗೆಯೊಳಗೆ ಜೇನಿನಂಥ ಗಟ್ಟಿ ಎಣ್ಣೆ ತುಂಬಬೇಕು. ಸಣ್ಣ ಬಾಟಲಿ ತರಿಸಿ ಗೋಡೆಯ ಮಾಡದಲ್ಲಿಟ್ಟಿದ್ದೆ. ಸಂಜೆ ನೋಡಿದರೆ ಅರ್ಧ ಖಾಲಿ.

"ಭಾಳ ಛಲೋ ಎಣ್ಣಿ ಬೇ," ಅಂದಳು ಚಿಗವ್ವ, ತನ್ನ ಮೊಣಕಾಲು ನೀವುತ್ತ. "ತೊಳದ್ರೂ ಹೋಗವಲ್ದು."

"ಅಯ್ಯ, ಅದು ಗೇರಿಗೆ ಹಾಕೂದು!"

"ಹೌದೇನು? ಅದಕ್ಕ ಮೆಟ್ಟಲ ಹತ್ತುವಾಗ ಸಪ್ಪಳ ನಿಂತೈತಿ."

ಎರಡು ಕಾಳು

ಉಳಿದ ಎಣ್ಣೆ ತುಂಬಿ, ಪೆಟ್ಟಿಗೆ ಬಿಗಿದು, ಕಾರು ಬಿಟ್ಟೆ. ಏನು ಹೇಳಲಿ! ತುಳಸಿಕಟ್ಟೆಯನ್ನು ಬಳಸಿ, ಕಂಬದ ಸಂದಿನಲ್ಲಿ ನುಸುಳಿ, ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿ ಬಂತು. ಕುಣಿಯಬೇಕಿತ್ತು, ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ.

"ಯಾಕ, ಸರಿಯಾಗಿಲ್ಲೇನು?"

"ಸರಿಯಾತು ಚಿಗವ್ವಾ. ಇನ್ನ ವರ್ಷಾನುಗಟ್ಟಲೆ ಕೆಡೂದಿಲ್ಲ."

ಡಾಕ್ಟರು ಹೇಳಿದ್ದರಲ್ಲಿ ಇನ್ನೂ ಎರಡು ತಿಂಗಳು ಬಾಕಿ, ನೆಪ ಮಾತ್ರ ಮುಗಿದಿತ್ತು. ಹೊರಗೆ ಯಾವುದೋ ಬಸ್ಸು ಹಾರ್ನ್ ಹೊಡೆದು ಹೋಯಿತು. ಇಬ್ಬರೂ ಅದು ಪೂರ್ತಿ ಅಳಿಯುವವರೆಗೆ ಕೇಳಿದೆವು.

ಮರುದಿನ ಬೆಳಿಗ್ಗೆ ಕಾರು ಹಚ್ಚಿದರೆ ಕಟಕಟ ಸಪ್ಪಳ. ಪೆಟ್ಟಿಗೆ ಬಿಚ್ಚಿದೆ. ಉಕ್ಕಿನ ಹಲ್ಲುಗಳ ನಡುವೆ, ಎಣ್ಣೆಯಲ್ಲಿ ಮಿಂದು, ಜೋಳದ ಕಾಳು!

ತಲೆ ಎತ್ತಿದರೆ ಬಾಗಿಲಲ್ಲಿ ಚಿಗವ್ವ. ಮಡಿಕೆ ಮುರಿಯದ ಇಳಕಲ್ ಸೀರೆ, ಕೈಯಲ್ಲಿ ರೊಟ್ಟಿ ಬುತ್ತಿ.

"ಕೆಟ್ಟೈತೇನು?" ಅಂದಳು, ಗೋಡೆ ನೋಡುತ್ತ. "ಯಲಬುರ್ಗಾದಾಗ ಒಬ್ಬ ಮಿಸ್ತ್ರಿ ಅದಾನಂತ. ಹಂಗ ಇಟಗಿ ಗುಡಿನೂ ನೋಡಿದಂಗಾಕ್ಕೈತಿ. ಸಣ್ಣಾಕಿ ಇದ್ದಾಗಿಂದ ಬರೇ ಕೇಳೀನಿ, ಯಾರೂ ಕರ್ಕೊಂಡು ಹೋಗಿಲ್ಲ."

ಕಾಳು ಹೆಕ್ಕಿ ಅಂಗೈಗಿಟ್ಟುಕೊಂಡೆ. "ಎಷ್ಟು ಕಾಳು ಹಾಕೀಯವ್ವಾ?" ಅಂದೆ.

"ಎರಡ. ಯಲಬುರ್ಗಾಕ್ಕ ಸಾಕು," ಅಂದಳು ಚಪ್ಪಲಿ ಮೆಟ್ಟುತ್ತ. "ಕಾಶಿಗಂದ್ರ ಬೊಗಸಿ ಹಾಕ್ತಿದ್ನಿ."